ಸೋಲಾರಿಸ್ 8 ಸ್ಪಾರ್ಕ್ ಯಂತ್ರದಲ್ಲಿ ಓಪನ್‌ಎಸ್‌ಎಸ್‌ಎಚ್ ಮತ್ತು ಆರ್‌ಸಿಂಕ್ ಕಂಪೈಲ್ ಮಾಡುವ ಬಗೆ

ಹೇಮಾವತಿ_ತೀರ

ಎಲ್ಲರಿಗೂ ನಮಸ್ಕಾರ. ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ವೇರಿಯನ್ ಕಂಪನಿಯ ಯೂನಿಟಿ ಇನೋವಾ ಎನ್‌ಎಂಆರ್ (ಕಾಂತಕ್ಷೇತ್ರ ಬಳಸಿ ಅಣುಗಳ ರಚನೆ ತಿಳಿಯುವ) ಉಪಕರಣವಿದೆ. ಅದನ್ನು ನಡೆಸುವ ವಿಎನ್‌ಎಂಆರ್ ತಂತ್ರಾಂಶವು ಸನ್ ಕಂಪನಿಯ ಅಲ್ಟ್ರಾ 10 ಯಂತ್ರದಲ್ಲಿ (ಸ್ಪಾರ್ಕ್ ಪ್ರೊಸೆಸರ್), ಅದೇ ಕಂಪನಿಯ ಸೋಲಾರಿಸ್ 8 ಎಂಬ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಮೇಲೆ ಓಡುತ್ತದೆ. ವೇರಿಯನ್ ಅನ್ನು ಅಜಿಲೆಂಟ್ 2010ರಲ್ಲಿ ಕೊಂಡುಕೊಂಡಿತು, 2014ರಲ್ಲಿ ಎನ್‌ಎಂಆರ್ ವ್ಯವಹಾರದಿಂದ ಹೊರಬರುವುದಾಗಿ ಘೋಷಿಸಿತು. ಹೀಗಾಗಿ ಯಂತ್ರವನ್ನು ಬದಲಿಸಿಕೊಡಿ ಎಂದು ಕೇಳಲು ಯಾರೂ ಉಳಿದಿಲ್ಲ. ಉಪಕರಣ ಮಾತ್ರ ಇಂದಿಗೂ ಸರಿಯಾದ ರೋಹಿತಗಳನ್ನು ಕೊಡುತ್ತಿದೆ, ಸಂಶೋಧನಾ ವಿದ್ಯಾರ್ಥಿಗಳು ದಿನವೂ ಅದರ ಮುಂದೆ ಸರದಿ ಕಾಯುತ್ತಾರೆ.

ಇದುವರೆಗೆ ಅಳತೆಯ ಕಡತಗಳನ್ನು ಎಫ್‌ಟಿಪಿ ಮೂಲಕ ಲಿನಕ್ಸ್ ಸಂಗ್ರಹ ಸರ್ವರ್‌ಗೆ ಕಳಿಸುತ್ತಿದ್ದೆವು. ಈಗ ಜಾಲದಲ್ಲಿ ಎಫ್‌ಟಿಪಿಯನ್ನು ಮುಚ್ಚಲಾಗಿದೆ, ಎಸ್‌ಎಸ್‌ಎಚ್ (ಗೂಢಲಿಪಿಯಲ್ಲಿ ನಡೆಯುವ ಸಂಪರ್ಕ) ಮಾತ್ರ ಬಳಸಬೇಕೆಂಬ ನಿಯಮ ಬಂದಿದೆ. ಸೋಲಾರಿಸ್ 8ರಲ್ಲಿ ಎಸ್‌ಎಸ್‌ಎಚ್ ಅಡಕವಾಗಿಲ್ಲ. ಹಿಂದೆ ಯಾರೋ ಹಾಕಿದ್ದ ಹಳೆಯ ಎಸ್‌ಎಸ್‌ಎಚ್ ಪ್ಯಾಕೇಜ್ ಒಂದಿದೆ, ಅದು ಹೊಸ ಸರ್ವರ್‌ನೊಂದಿಗೆ ಮಾತಾಡಲು ಹೋಗಿ 'ನೋ ಕೆಕ್ಸ್ ಆಲ್ಗ್' (ಎರಡೂ ಕಡೆ ಒಪ್ಪುವ ಕೀಲಿ ವಿನಿಮಯ ವಿಧಾನವಿಲ್ಲ) ಎಂದು ನಿಂತುಬಿಡುತ್ತದೆ. ಆದ್ದರಿಂದ ಹೊಸ ಓಪನ್‌ಎಸ್‌ಎಸ್‌ಎಚ್ ಮತ್ತು ಕಡತಗಳನ್ನು ನಕಲಿಸುವ ಆರ್‌ಸಿಂಕ್ ಎರಡನ್ನೂ ಮೂಲ ಸಂಕೇತದಿಂದ ಆ ಯಂತ್ರದಲ್ಲೇ ಕಂಪೈಲ್ ಮಾಡಬೇಕೆಂದಿದ್ದೇನೆ.

ಸಮಸ್ಯೆ ಮೊದಲ ಹೆಜ್ಜೆಯಲ್ಲೇ ಇದೆ. ಕಟ್ಟುವ ಕೆಲಸ ನಡೆಸುವ ಮೇಕ್ ಆಜ್ಞೆ ಕೊಟ್ಟರೆ 'ನಾಟ್ ಫೌಂಡ್' ಎನ್ನುತ್ತದೆ. ಸಿ ಕಂಪೈಲರ್ ಕರೆಯಲು ಸಿಸಿ ಎಂದು ಕೊಟ್ಟರೆ 'ಲ್ಯಾಂಗ್ವೇಜ್ ಆಪ್ಷನಲ್ ಸಾಫ್ಟ್‌ವೇರ್ ಪ್ಯಾಕೇಜ್ ನಾಟ್ ಇನ್‌ಸ್ಟಾಲ್ಡ್' ಎಂಬ ಸಂದೇಶ ಬರುತ್ತದೆ. ಮೂಲ ಸಂಕೇತದ ಟಾರ್ ಕಡತವನ್ನು ಬಿಚ್ಚಿದಾಗಲೂ ಕೆಲವು ಕಡತಗಳು ಕಾಣೆಯಾಗಿವೆ. ಯಾವ ಕ್ರಮದಲ್ಲಿ ಮುಂದುವರಿಯಬೇಕೆಂದು ಬಲ್ಲವರು ತಿಳಿಸಿಕೊಡಬೇಕೆಂದು ವಿನಂತಿ.

ಹಳೇಯುನಿಕ್ಸ್

ಮೂರೂ ತೊಂದರೆಗಳ ಕಾರಣ ಬೇರೆಬೇರೆ, ಆದರೆ ಮೂರಕ್ಕೂ ಪರಿಹಾರವಿದೆ.

ಸನ್ ತನ್ನ ಸಿ ಕಂಪೈಲರನ್ನು ಸೋಲಾರಿಸ್ ಜೊತೆಗೆ ಕೊಡುತ್ತಿರಲಿಲ್ಲ, ಪ್ರತ್ಯೇಕವಾಗಿ ಮಾರುತ್ತಿತ್ತು. ನಿಮಗೆ ಸಂದೇಶ ಕೊಟ್ಟ ಸಿಸಿ ಎಂಬುದು /ಯುಎಸ್‌ಆರ್/ಯುಸಿಬಿ ಡೈರೆಕ್ಟರಿಯಲ್ಲಿ ಕುಳಿತಿರುವ ಖಾಲಿ ಹೊದಿಕೆ, ಅದರೊಳಗೆ ಕಂಪೈಲರ್ ಇಲ್ಲ. ಆದರೆ ಮೇಕ್, ಎಲ್‌ಡಿ (ಲಿಂಕರ್), ಎಎಸ್ (ಅಸೆಂಬ್ಲರ್), ಎಆರ್, ಎನ್‌ಎಂ ಇವೆಲ್ಲ ವ್ಯವಸ್ಥೆಯೊಂದಿಗೇ ಬರುತ್ತವೆ. ಅವು ಇರುವುದು /ಯುಎಸ್‌ಆರ್/ಸಿಸಿಎಸ್/ಬಿನ್ ಡೈರೆಕ್ಟರಿಯಲ್ಲಿ, ಮತ್ತು ಸಾಮಾನ್ಯ ಬಳಕೆದಾರರ ಪಾಥ್‌ನಲ್ಲಿ (ಆಜ್ಞೆಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿಯಲ್ಲಿ) ಆ ಡೈರೆಕ್ಟರಿ ಇರುವುದಿಲ್ಲ. ಅದನ್ನು ಸೇರಿಸಿ. ಯುಸಿಬಿ ಡೈರೆಕ್ಟರಿಯನ್ನು ಪಾಥ್‌ನಿಂದ ತೆಗೆದೇಬಿಡಿ. ಅಲ್ಲಿರುವುದು ಹಳೆಯ ಬಿಎಸ್‌ಡಿ ಹೊಂದಾಣಿಕೆಯ ಪರಿಕರಗಳು, ಅವು ನಡುವೆ ನುಸುಳಿದರೆ ಬೇರೆಯೇ ಲೈಬ್ರರಿಗಳ ಜೊತೆ ಲಿಂಕ್ ಆಗಿ, ಕಂಪೈಲ್ ಆದ ಪ್ರೋಗ್ರಾಂ ಓಡುವಾಗ ಕಾರಣವೇ ತಿಳಿಯದಂತೆ ಕೆಡುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಇಲ್ಲಿನ /ಬಿನ್/ಎಸ್‌ಎಚ್ ಎಂಬುದು ನಿಜವಾದ ಹಳೆಯ ಬೋರ್ನ್ ಶೆಲ್. ಡಾಲರ್ ಚಿಹ್ನೆಯ ಮುಂದೆ ಆವರಣ ಹಾಕಿ ಆಜ್ಞೆ ಬರೆಯುವ ರೀತಿ ಅದಕ್ಕೆ ಗೊತ್ತಿಲ್ಲ, ಒಂದೇ ಸಾಲಿನಲ್ಲಿ ಎಕ್ಸ್‌ಪೋರ್ಟ್ ಮಾಡಿ ಬೆಲೆಯನ್ನೂ ಕೊಟ್ಟರೆ ಅದು ಒಪ್ಪುವುದಿಲ್ಲ. ಇಲ್ಲಿನ ಗ್ರೆಪ್‌ಗೆ '-ಕ್ಯೂ' ಆಯ್ಕೆ ತಿಳಿಯದು, ಆಕ್ ಎಂದರೆ ಎಪ್ಪತ್ತರ ದಶಕದ ಮೂಲ ಆಕ್. ಪಾಸಿಕ್ಸ್ ಎಂಬ ಯುನಿಕ್ಸ್ ಮಾನದಂಡದ ಪ್ರಕಾರ ನಡೆಯುವ ಪರಿಕರಗಳು /ಯುಎಸ್‌ಆರ್/ಎಕ್ಸ್‌ಪಿಜಿ4/ಬಿನ್ ಡೈರೆಕ್ಟರಿಯಲ್ಲಿವೆ, ಅದನ್ನು ಪಾಥ್‌ನ ಮೊದಲಲ್ಲಿಡಿ. ಸೋಲಾರಿಸ್ 8ರಲ್ಲಿ ಬ್ಯಾಶ್ ಅಡಕವಾಗಿಯೇ ಬಂದಿದೆ; 'ಕಾನ್ಫಿಗ್_ಶೆಲ್' ಎಂಬ ಪರಿಸರ ಚರಕ್ಕೆ ಬ್ಯಾಶ್‌ನ ದಾರಿ ಕೊಟ್ಟು, ಕಟ್ಟುವ ಮುನ್ನ ಯಂತ್ರವನ್ನು ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟನ್ನೂ ಬ್ಯಾಶ್ ಮೂಲಕವೇ ನಡೆಸಿ.

ಟಾರ್ ವಿಚಾರವೂ ಇದೇ ಬಗೆಯದು. ಗ್ನೂ ಟಾರ್ ನೂರು ಅಕ್ಷರ ಮೀರಿದ ಹೆಸರುಗಳನ್ನು ತನ್ನದೇ ವಿಸ್ತರಣೆಯಲ್ಲಿ ಬರೆದಿಡುತ್ತದೆ, ಸನ್ ಟಾರ್‌ಗೆ ಅದು ಅರ್ಥವಾಗದೆ 'ಲಾಂಗ್‌ಲಿಂಕ್' ಎಂಬ ಹೆಸರಿನ ಕಡತವನ್ನು ಸೃಷ್ಟಿಸುತ್ತದೆ ಇಲ್ಲವೇ 'ಡೈರೆಕ್ಟರಿ ಚೆಕ್‌ಸಮ್ ಎರರ್' ಎಂದು ನಿಲ್ಲುತ್ತದೆ. ಕಂಪೈಲರ್ ಸಿಕ್ಕ ಕೂಡಲೇ ಮೊದಲು ಗ್ನೂ ಟಾರ್ ಮತ್ತು ಗ್ನೂ ಮೇಕ್ ಕಟ್ಟಿಕೊಳ್ಳಿ. ಅಲ್ಲಿಯವರೆಗೆ ಲಿನಕ್ಸ್ ಯಂತ್ರದಲ್ಲಿ ಬಿಚ್ಚಿ ಎನ್‌ಎಫ್‌ಎಸ್ (ಜಾಲದಲ್ಲಿ ಕಡತ ಹಂಚಿಕೊಳ್ಳುವ ವ್ಯವಸ್ಥೆ) ಮೂಲಕ ಕೊಡಬಹುದು.

ಬಯಲುಸೀಮೆ

ಒಂದು ಆಕ್ಷೇಪವನ್ನು ಗೌರವದಿಂದ ಮುಂದಿಡುತ್ತೇನೆ. ಇಷ್ಟೆಲ್ಲ ಶ್ರಮ ಏಕೆ ಬೇಕು? ಅಲ್ಟ್ರಾ 10ರ ಪಕ್ಕದಲ್ಲಿ ಎರಡು ಜಾಲ ಕಾರ್ಡ್‌ಗಳಿರುವ ಚಿಕ್ಕ ಲಿನಕ್ಸ್ ಪೆಟ್ಟಿಗೆಯೊಂದನ್ನಿಟ್ಟು, ಹಳೆಯ ಯಂತ್ರವನ್ನು ಅದರ ಹಿಂದೆ ಪ್ರತ್ಯೇಕ ಜಾಲದಲ್ಲಿಡಿ. ಸೋಲಾರಿಸ್ 8 ಎನ್‌ಎಫ್‌ಎಸ್‌ನ 3ನೆಯ ಆವೃತ್ತಿಯನ್ನು ಚೆನ್ನಾಗಿ ಬಲ್ಲದು, ಲಿನಕ್ಸ್ ಪೆಟ್ಟಿಗೆ ಅಲ್ಲಿಂದ ಕಡತಗಳನ್ನು ಓದಿ ಹೊಸ ಎಸ್‌ಎಸ್‌ಎಚ್ ಮೂಲಕ ಮುಂದೆ ಕಳಿಸುತ್ತದೆ. ಭದ್ರತಾ ತಿದ್ದುಪಡಿಗಳು ನಿಂತುಹೋಗಿರುವ ವ್ಯವಸ್ಥೆಯನ್ನು ಸಾರ್ವಜನಿಕ ಜಾಲಕ್ಕೆ ತಂದು ನಿಲ್ಲಿಸುವುದು, ಅದರಲ್ಲಿ ಎಷ್ಟೇ ಹೊಸ ಎಸ್‌ಎಸ್‌ಎಚ್ ಇದ್ದರೂ, ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೇಮಾವತಿ_ತೀರ

ಬಯಲುಸೀಮೆ ಅವರೇ, ನಿಮ್ಮ ಮಾತನ್ನು ಒಪ್ಪುತ್ತೇನೆ. ಯಂತ್ರ ಈಗಾಗಲೇ ಬೆಂಕಿಗೋಡೆಯ ಹಿಂದಿದೆ, ಹೊರಗಿನಿಂದ ಅದಕ್ಕೆ ಸಂಪರ್ಕವಿಲ್ಲ. ಆದರೆ ನಡುವೆ ಇನ್ನೊಂದು ಪೆಟ್ಟಿಗೆ ಇಡುವುದಕ್ಕೆ ಇಲ್ಲಿ ಅನುಮತಿ ಸಿಗಲಿಲ್ಲ. ಅಳತೆ ಮುಗಿದ ಕೂಡಲೇ ವಿಎನ್‌ಎಂಆರ್‌ನ ಮ್ಯಾಕ್ರೋದಿಂದಲೇ ಕಡತ ಹೊರಡಬೇಕೆಂಬುದು ಬಳಕೆದಾರರ ಅಪೇಕ್ಷೆಯೂ ಆಗಿದೆ. ಆದ್ದರಿಂದ ಹಳೆಯ ಯಂತ್ರವೇ ಸಂಪರ್ಕ ಆರಂಭಿಸಬೇಕು.

ದೂರದೇಶಿ

ಹಾಗಾದರೆ ನಿಮಗೆ ಬೇಕಿರುವುದು ಎಸ್‌ಎಸ್‌ಎಚ್ ಕ್ಲೈಂಟ್ ಮಾತ್ರ. ಹೊರಗಿನ ಸಂಪರ್ಕಗಳಿಗೆ ಕಾಯುವ ಎಸ್‌ಎಸ್‌ಎಚ್‌ಡಿ ಸೇವೆಯನ್ನು ಆ ಯಂತ್ರದಲ್ಲಿ ಓಡಿಸಲೇಬೇಡಿ. ಇದರಿಂದ ಬಯಲುಸೀಮೆ ಅವರ ಆತಂಕದ ಒಂದು ಪಾಲು ಕಡಿಮೆಯಾಗುತ್ತದೆ, ನಿಮ್ಮ ಕೆಲಸವೂ ಹಗುರಾಗುತ್ತದೆ.

ಈಗ ಯಾವ ಆವೃತ್ತಿ ಎಂಬ ಪ್ರಶ್ನೆ. ಹಳೆಯ ಯಂತ್ರದ ಮೇಲೆ ಕೆಲಸ ಮಾಡುವವರು ಮೊದಲು ಉತ್ತರಿಸಿಕೊಳ್ಳಬೇಕಾದದ್ದು ಇದನ್ನೇ. ಅತಿ ಹೊಸದನ್ನು ಇಳಿಸಿಕೊಂಡು ದೋಷಗಳ ಜೊತೆ ಹೋರಾಡುವುದು ವ್ಯರ್ಥ, ಅತಿ ಹಳೆಯದನ್ನು ಹಾಕಿದರೆ ಎದುರಿನ ಸರ್ವರ್ ಒಪ್ಪುವುದಿಲ್ಲ. ಎದುರಿನವರು ಒಪ್ಪುವ ಕನಿಷ್ಠ ಯಾವುದು, ನಿಮ್ಮ ಯಂತ್ರ ಹೊರಬಲ್ಲ ಗರಿಷ್ಠ ಯಾವುದು ಎಂದು ನೋಡಿ, ಈ ಎರಡರ ನಡುವೆ ಜಾಗವಿದ್ದರೆ ಅಲ್ಲಿ ನಿಲ್ಲಬೇಕು.

ಇಂದಿನ ಸರ್ವರ್‌ಗಳು ಕೇಳುವುದು ಕರ್ವ್25519 ಕೀಲಿ ವಿನಿಮಯ ಮತ್ತು ಇಡಿ25519 ಕೀಲಿ. ಇವೆರಡೂ ಓಪನ್‌ಎಸ್‌ಎಸ್‌ಎಚ್‌ಗೆ ಬಂದದ್ದು 2014ರ ಜನವರಿಯಲ್ಲಿ ಬಿಡುಗಡೆಯಾದ 6.5ರಲ್ಲಿ. ಶಾ-2 ಬಳಸುವ ಆರ್‌ಎಸ್‌ಎ ಸಹಿಗಳು 7.2ರಲ್ಲಿ ಬಂದವು. ಶಾ-1 ಬಳಸುವ ಹಳೆಯ ಆರ್‌ಎಸ್‌ಎ ಸಹಿಯನ್ನು 2021ರ 8.8 ಆವೃತ್ತಿ ಪೂರ್ವನಿಯೋಜಿತವಾಗಿ ಕೈಬಿಟ್ಟಿತು. ಕೆಳಗಿನ ಗಡಿ ಇದು. ಮೇಲಿನ ಗಡಿ 9.3, ಏಕೆಂದರೆ 9.4ರಿಂದ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ 1.1.1 ಆವೃತ್ತಿ ಇಲ್ಲದಿದ್ದರೆ ಅದು ಕಟ್ಟಿಕೊಳ್ಳುವುದಿಲ್ಲ. ಓಪನ್‌ಎಸ್‌ಎಸ್‌ಎಲ್ 1.1.1ಕ್ಕೆ ಪರ್ಲ್ 5.10 ಬೇಕು, ನಿಮ್ಮ ಯಂತ್ರದಲ್ಲಿರುವುದು ಪರ್ಲ್ 5.005_03. ಪರ್ಲ್ ಅನ್ನೂ ಕಟ್ಟಬಹುದು, ಆದರೆ ಒಂದು ಕ್ಲೈಂಟ್‌ಗಾಗಿ ಆ ಸರಪಳಿಯನ್ನು ಉದ್ದಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ನನ್ನ ಸಲಹೆ: ಜೆಡ್‌ಲಿಬ್ (ಸಂಕೋಚನ ಲೈಬ್ರರಿ), ಓಪನ್‌ಎಸ್‌ಎಸ್‌ಎಲ್ 1.0.2ಯು, ಓಪನ್‌ಎಸ್‌ಎಸ್‌ಎಚ್ 7.9, ಆರ್‌ಸಿಂಕ್ 3.1.3. ಆರ್‌ಸಿಂಕ್ 3.2.0ರಿಂದ ಎಕ್ಸ್‌ಎಕ್ಸ್‌ಹ್ಯಾಶ್, ಜೆಡ್‌ಸ್ಟ್ಯಾಂಡರ್ಡ್, ಎಲ್‌ಜೆಡ್4 ಎಂಬ ಹೊರಗಿನ ಲೈಬ್ರರಿಗಳನ್ನು ಕೇಳತೊಡಗುತ್ತದೆ. ಅವನ್ನು ಒಂದೊಂದಾಗಿ ಬೇಡವೆನ್ನಬಹುದು, ಆದರೆ 3.1.3 ತನ್ನೊಳಗೇ ಜೆಡ್‌ಲಿಬ್ ಮತ್ತು ಪಾಪ್ಟ್ ಇಟ್ಟುಕೊಂಡಿರುವುದರಿಂದ ಹೊರಗಿನದೇನೂ ಬೇಕಾಗುವುದಿಲ್ಲ. ಓಪನ್‌ಎಸ್‌ಎಸ್‌ಎಲ್‌ನ 1.0.2 ಸಾಲಿಗೆ ಸಾರ್ವಜನಿಕ ಬೆಂಬಲ 2019ರ ಕೊನೆಗೆ ಮುಗಿದಿದೆ ಎಂಬುದನ್ನು ನಿಮ್ಮ ಜಾಲ ನಿರ್ವಾಹಕರಿಗೆ ಬರವಣಿಗೆಯಲ್ಲಿ ತಿಳಿಸಿ.

ಮಲೆನಾಡು_ಕೋಡ್

ಕಂಪೈಲರ್ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲಿ.

ಕಂಪೈಲರ್ ಕಟ್ಟಲು ಕಂಪೈಲರ್ ಬೇಕು. ಆದ್ದರಿಂದ ಮೊದಲನೆಯದನ್ನು ಯಾರೋ ಕಟ್ಟಿದ ಪ್ಯಾಕೇಜ್ ರೂಪದಲ್ಲೇ ತರಬೇಕು. ಸನ್‌ಫ್ರೀವೇರ್ ತಾಣದಲ್ಲಿ ಸೋಲಾರಿಸ್ 8 ಸ್ಪಾರ್ಕ್‌ಗೆಂದು ಜಿಸಿಸಿ (ಗ್ನೂ ಕಂಪೈಲರ್) 3.4.6 ಪ್ಯಾಕೇಜ್ ಇತ್ತು, ಅದರ ಪ್ರತಿಗಳು ಹಳೆಯ ಸಂಗ್ರಹಗಳಲ್ಲಿ ದೊರೆಯುತ್ತವೆ. 'ಪಿಕೆಜಿಆ್ಯಡ್' ಆಜ್ಞೆಯಿಂದ ಹಾಕಿದರೆ ಅದು /ಯುಎಸ್‌ಆರ್/ಲೋಕಲ್ ಅಡಿಯಲ್ಲಿ ಕೂರುತ್ತದೆ.

ಹಾಕಿದ ಮೇಲೆ ಒಂದು ಕೆಲಸ ಮರೆಯಬೇಡಿ. ಜಿಸಿಸಿ ತಾನು ಕಟ್ಟಲ್ಪಟ್ಟ ಯಂತ್ರದ ಹೆಡರ್ ಕಡತಗಳಲ್ಲಿ (ಫಂಕ್ಷನ್‌ಗಳ ಘೋಷಣೆಗಳಿರುವ ಕಡತಗಳು) ಕೆಲವನ್ನು ತಿದ್ದಿ ತನ್ನ ಖಾಸಗಿ ಡೈರೆಕ್ಟರಿಯಲ್ಲಿ ಇಟ್ಟುಕೊಳ್ಳುತ್ತದೆ. ಪ್ಯಾಕೇಜ್ ಕಟ್ಟಿದವರ ಯಂತ್ರದ ಪ್ಯಾಚ್ ಮಟ್ಟವೂ ನಿಮ್ಮದೂ ಬೇರೆಯಾಗಿದ್ದರೆ ಆ ತಿದ್ದಿದ ಹೆಡರ್ ಒಂದು ಹೇಳುತ್ತದೆ, ವ್ಯವಸ್ಥೆಯ ಹೆಡರ್ ಇನ್ನೊಂದು ಹೇಳುತ್ತದೆ. ಆಗ ನಿಮ್ಮ ಪ್ರೋಗ್ರಾಂನಲ್ಲಿ ಯಾವ ತಪ್ಪೂ ಇಲ್ಲದೆ ವ್ಯವಸ್ಥೆಯ ಹೆಡರ್ ಒಳಗಿನಿಂದ ದೋಷಗಳ ಸುರಿಮಳೆಯಾಗುತ್ತದೆ. ಜಿಸಿಸಿ ಜೊತೆಗೇ ಬರುವ 'ಎಂಕೆಹೆಡರ್ಸ್' ಎಂಬ ಸ್ಕ್ರಿಪ್ಟನ್ನು ಒಮ್ಮೆ ಓಡಿಸಿದರೆ ಆ ಹೆಡರ್‌ಗಳು ನಿಮ್ಮ ಯಂತ್ರಕ್ಕೆ ತಕ್ಕಂತೆ ಮತ್ತೆ ತಯಾರಾಗುತ್ತವೆ.

3.4.6ರಿಂದ ಮುಂದಕ್ಕೆ ಹೋಗಬೇಕಾದರೆ ನಿಮ್ಮ ಗುರಿ 4.7.4 ಆಗಿರಲಿ. ಜಿಸಿಸಿ 4.8ರಿಂದ ಕಂಪೈಲರನ್ನೇ ಸಿ++ನಲ್ಲಿ ಬರೆಯಲಾಗಿದೆ, ಸೋಲಾರಿಸ್ 8ರ ಬೆಂಬಲವನ್ನೂ ಅಲ್ಲಿಗೆ ಕೈಬಿಟ್ಟರು. 4.3ರಿಂದ ಜಿಎಂಪಿ ಮತ್ತು ಎಂಪಿಎಫ್‌ಆರ್, 4.5ರಿಂದ ಎಂಪಿಸಿ ಎಂಬ ಲೈಬ್ರರಿಗಳು ಬೇಕಾಗುತ್ತವೆ, 4.7ಕ್ಕೆ ಜಿಎಂಪಿ 4.3.2, ಎಂಪಿಎಫ್‌ಆರ್ 2.4.2, ಎಂಪಿಸಿ 0.8.1 ಹೊಂದುತ್ತವೆ. ಜಿಎಂಪಿ ಕಟ್ಟುವಾಗ ಎಚ್ಚರವಿರಲಿ: ನಿಮ್ಮದು 64 ಬಿಟ್ ಅಲ್ಟ್ರಾಸ್ಪಾರ್ಕ್ ಎಂದು ಗುರುತಿಸಿ ಅದು ತಾನಾಗಿ 64 ಬಿಟ್ ಲೈಬ್ರರಿ ಕಟ್ಟುತ್ತದೆ, ಉಳಿದೆಲ್ಲವೂ 32 ಬಿಟ್ ಆಗಿರುತ್ತವೆ. ಆಗ ಲಿಂಕರ್ 'ರಾಂಗ್ ಎಲ್ಫ್ ಕ್ಲಾಸ್: ಎಲ್ಫ್‌ಕ್ಲಾಸ್64' ಎನ್ನುತ್ತದೆ. ಕಾನ್ಫಿಗರ್‌ಗೆ 'ಎಬಿಐ=32' ಎಂದು ಕೊಟ್ಟರೆ ಈ ತೊಡಕು ಬರುವುದಿಲ್ಲ.

ಲಿಂಕರ್ ಮತ್ತು ಅಸೆಂಬ್ಲರ್ ಸನ್‌ನವೇ ಇರಲಿ. ಸೋಲಾರಿಸ್ ಮೇಲೆ ಜಿಸಿಸಿಗೆ ಅದೇ ಚೆನ್ನಾಗಿ ಹೊಂದುತ್ತದೆ. ಕಂಪೈಲ್ ಆಗುವಾಗ /ಟಿಎಂಪಿ ಬಳಸಬೇಡಿ. ಸೋಲಾರಿಸ್‌ನಲ್ಲಿ ಆ ಡೈರೆಕ್ಟರಿ ಡಿಸ್ಕ್‌ನಲ್ಲಿಲ್ಲ, ಸ್ವಾಪ್‌ನ ಮೇಲೆ ನಿಂತಿದೆ. ಅಲ್ಲಿ ಕಡತ ತುಂಬಿದಷ್ಟೂ ಕಂಪೈಲರ್‌ಗೆ ಮೆಮೊರಿ ಕಡಿಮೆಯಾಗುತ್ತದೆ. 'ಟಿಎಂಪಿಡಿರ್' ಚರಕ್ಕೆ /ವಾರ್/ಟಿಎಂಪಿ ಕೊಡಿ.

ಹಳೇಯುನಿಕ್ಸ್

ಮಲೆನಾಡು_ಕೋಡ್ ಅವರ ವಿವರಣೆ ಅಮೂಲ್ಯವಾದದ್ದು. ಆದರೂ ಈ ಸಂದರ್ಭದಲ್ಲಿ 4.7.4ರವರೆಗೆ ಏರುವ ಅಗತ್ಯವಿಲ್ಲ ಎಂದೇ ನನ್ನ ಅಭಿಪ್ರಾಯ. ದೂರದೇಶಿ ಅವರು ಪಟ್ಟಿ ಮಾಡಿದ ನಾಲ್ಕೂ ಶುದ್ಧ ಸಿ ಭಾಷೆಯಲ್ಲಿವೆ, 3.4.6 ಅವಕ್ಕೆ ಸಾಕು. ಅಲ್ಟ್ರಾ 10ರ ಪ್ರೊಸೆಸರ್ ಎಷ್ಟೇ ವೇಗದ್ದಾದರೂ 440 ಮೆಗಾಹರ್ಟ್ಸ್. ಅದರ ಮೇಲೆ ಜಿಸಿಸಿ ತನ್ನನ್ನು ತಾನೇ ಮೂರು ಹಂತಗಳಲ್ಲಿ ಕಟ್ಟಿಕೊಳ್ಳುವ ಕೆಲಸ ಒಂದು ರಾತ್ರಿಯಲ್ಲಿ ಮುಗಿಯುವಂಥದ್ದಲ್ಲ, ಅಷ್ಟು ಹೊತ್ತು ಎನ್‌ಎಂಆರ್ ಅಳತೆಗೆ ಅಡ್ಡಿಯಾಗುತ್ತದೆ. ಕೆಲಸಕ್ಕೆ ಬೇಕಾದಷ್ಟೇ ಪರಿಕರ ಕಟ್ಟಿಕೊಳ್ಳುವುದು ಇಂಥ ಯಂತ್ರಗಳ ಮೇಲೆ ಒಳ್ಳೆಯ ಶಿಸ್ತು.

ಮಲೆನಾಡು_ಕೋಡ್

ಸಮಯದ ಲೆಕ್ಕದಲ್ಲಿ ನಿಮ್ಮ ಮಾತು ಸರಿ. ನಾನು 4.7ರ ಪರವಾಗಿ ಹೇಳುವ ಒಂದೇ ಕಾರಣ: ಸೋಲಾರಿಸ್ 8 ಮತ್ತು 9ರಲ್ಲಿ 'ಎಸ್‌ಟಿಡಿಇಂಟ್' ಹೆಡರ್ ಇಲ್ಲ, 'ಇಂಟ್‌ಟೈಪ್ಸ್' ಮಾತ್ರ ಇದೆ. ಹೊಸ ಪ್ರೋಗ್ರಾಂಗಳಲ್ಲಿ ಬಹುತೇಕ ಎಲ್ಲವೂ ಮೊದಲ ಸಾಲಿನಲ್ಲೇ ಅದನ್ನು ಕೇಳುತ್ತವೆ. ಜಿಸಿಸಿ 4.5ರಿಂದೀಚೆಗೆ ಆ ಹೆಡರನ್ನು ತಾನೇ ಒದಗಿಸುತ್ತದೆ. ಮುಂದೆ ಬೇರೆ ತಂತ್ರಾಂಶ ಕಟ್ಟುವ ಯೋಚನೆ ಇದ್ದರೆ ಮಾತ್ರ ಆ ದಾರಿ ಹಿಡಿಯಲಿ. 3.4.6ರಲ್ಲೇ ಇರುವುದಾದರೆ, ಯೋಜನೆಯ ಡೈರೆಕ್ಟರಿಯೊಳಗೆ ಅದೇ ಹೆಸರಿನ ಚಿಕ್ಕ ಕಡತ ಮಾಡಿ ಅದರಿಂದ 'ಇಂಟ್‌ಟೈಪ್ಸ್' ಅನ್ನು ಕರೆದರೆ ಹೆಚ್ಚಿನ ಕಡೆ ನಡೆಯುತ್ತದೆ. ವ್ಯವಸ್ಥೆಯ /ಯುಎಸ್‌ಆರ್/ಇನ್‌ಕ್ಲೂಡ್ ಒಳಗೆ ಮಾತ್ರ ಏನನ್ನೂ ಸೇರಿಸಬಾರದು.

ಹೇಮಾವತಿ_ತೀರ

ಎಲ್ಲರಿಗೂ ಧನ್ಯವಾದಗಳು. ಜಿಸಿಸಿ 3.4.6 ಹಾಕಿ 'ಎಂಕೆಹೆಡರ್ಸ್' ಓಡಿಸಿದ್ದೇನೆ, ಗ್ನೂ ಮೇಕ್ ಮತ್ತು ಗ್ನೂ ಟಾರ್ ಸಿದ್ಧವಾಗಿವೆ, ಜೆಡ್‌ಲಿಬ್ ಕೂಡ ಕಟ್ಟಿಕೊಂಡಿತು. ಎಲ್ಲವನ್ನೂ /ಆಪ್ಟ್/ಲ್ಯಾಬ್ ಅಡಿಯಲ್ಲಿ ಇಡುತ್ತಿದ್ದೇನೆ. ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಬೇಕಾಯಿತು. ಅದಾದ ಮೇಲೆ ಆರ್‌ಸಿಂಕ್‌ನ ಕಾನ್ಫಿಗರ್ 'ನ್ಯೂಲಿ ಕ್ರಿಯೇಟೆಡ್ ಫೈಲ್ ಈಸ್ ಓಲ್ಡರ್ ದ್ಯಾನ್ ಡಿಸ್ಟ್ರಿಬ್ಯೂಟೆಡ್ ಫೈಲ್ಸ್' ಎಂದು ಹೇಳಿ ನಿಂತಿದೆ. ಹೊಸದಾಗಿ ಸೃಷ್ಟಿಸಿದ ಕಡತ ಹಳೆಯದಾಗುವುದು ಹೇಗೆ?

ಕಡಲಕರೆ

ಯಂತ್ರದ ಗಡಿಯಾರ ಹಿಂದಕ್ಕೆ ಹೋಗಿದೆ. ಆ ಕಾಲದ ಸನ್ ಯಂತ್ರಗಳಲ್ಲಿ ಗಡಿಯಾರ, ಹೋಸ್ಟ್‌ಐಡಿ ಮತ್ತು ಈಥರ್ನೆಟ್ ವಿಳಾಸ ಮೂರೂ ಎನ್‌ವಿರ‍್ಯಾಮ್ ಎಂಬ ಒಂದೇ ಚಿಪ್‌ನಲ್ಲಿರುತ್ತವೆ. ನಿಮ್ಮ ಯಂತ್ರದಲ್ಲಿ ಅದು ಎಂ48ಟಿ59 ಮಾದರಿಯದು, ಅದರ ಬ್ಯಾಟರಿಯನ್ನು ಚಿಪ್‌ನ ತಲೆಯ ಮೇಲೇ ಎರಕ ಹೊಯ್ದು ಮುಚ್ಚಿರುತ್ತಾರೆ. ಬ್ಯಾಟರಿ ಸತ್ತಾಗ, ವಿದ್ಯುತ್ ಇರುವವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ, ಆರಿಸಿ ಹೊತ್ತಿಸಿದಾಗ ದಿನಾಂಕ ಕಳೆದುಹೋಗುತ್ತದೆ.

ಕಾನ್ಫಿಗರ್ ಈ ಪರೀಕ್ಷೆಯನ್ನು ಸುಮ್ಮನೆ ಮಾಡುವುದಿಲ್ಲ. ಯಾವುದು ಹೊಸದು, ಯಾವುದು ಹಳೆಯದು ಎಂಬ ಸಮಯಮುದ್ರೆಯ ಮೇಲೇ ಮೇಕ್‌ನ ಎಲ್ಲ ತೀರ್ಮಾನಗಳು ನಿಂತಿವೆ. ಈ ಸ್ಥಿತಿಯಲ್ಲಿ ಮುಂದುವರಿದರೆ, ಮೂಲ ಕಡತಗಳೆಲ್ಲ ಬದಲಾಗಿವೆ ಎಂದು ಮೇಕ್ ಭಾವಿಸಿ ಆಟೋಕಾನ್ಫ್, ಆಟೋಮೇಕ್ ಎಂದು ನಿಮ್ಮಲ್ಲಿಲ್ಲದ ಪರಿಕರಗಳನ್ನು ಕರೆಯತೊಡಗುತ್ತದೆ, ಕಟ್ಟಿ ಮುಗಿಸಿದ ವಸ್ತುಗಳನ್ನು ಮತ್ತೆಮತ್ತೆ ಕಟ್ಟುತ್ತದೆ. 'ಎನ್‌ಟಿಪಿಡೇಟ್' ಆಜ್ಞೆ ಸೋಲಾರಿಸ್ 8ರಲ್ಲೇ ಇದೆ. ನಿಮ್ಮ ಜಾಲದ ಸಮಯ ಸರ್ವರ್ ವಿಳಾಸ ಕೊಟ್ಟು ಗಡಿಯಾರ ಸರಿಪಡಿಸಿ, ಬಿಚ್ಚಿದ ಡೈರೆಕ್ಟರಿಯನ್ನು ಅಳಿಸಿ, ಮತ್ತೆ ಬಿಚ್ಚಿಕೊಂಡು ಆರಂಭಿಸಿ. ಆ ಚಿಪ್ ಬದಲಿಸುವುದಕ್ಕೂ ಈಗಲೇ ವ್ಯವಸ್ಥೆ ಮಾಡಿ, ಬದಲಿಸುವ ಮುನ್ನ ಹೋಸ್ಟ್‌ಐಡಿ ಮತ್ತು ಈಥರ್ನೆಟ್ ವಿಳಾಸವನ್ನು ಬರೆದಿಟ್ಟುಕೊಳ್ಳಿ.

ಹೇಮಾವತಿ_ತೀರ

ಗಡಿಯಾರ ಸರಿಪಡಿಸಿದ ಮೇಲೆ ಆರ್‌ಸಿಂಕ್ ಯಾವ ತಕರಾರೂ ಇಲ್ಲದೆ ಕಟ್ಟಿಕೊಂಡಿತು. ಓಪನ್‌ಎಸ್‌ಎಸ್‌ಎಲ್ ಕೂಡ ಮುಗಿಯಿತು. ಅದರ ಲೈಬ್ರರಿ ಸರಿಯಾಗಿದೆಯೇ ಎಂದು ನೋಡಲು ನಾನೇ ಬರೆದ ಚಿಕ್ಕ ಪರೀಕ್ಷಾ ಪ್ರೋಗ್ರಾಂ ಲಿಂಕ್ ಆಗುತ್ತಿಲ್ಲ. 'ಅನ್‌ಡಿಫೈನ್ಡ್ ಸಿಂಬಲ್' ಎಂಬ ತಲೆಬರಹದ ಕೆಳಗೆ ಸಾಕೆಟ್, ಕನೆಕ್ಟ್, ಗೆಟ್‌ಹೋಸ್ಟ್‌ಬೈನೇಮ್, ಐನೆಟ್_ಏಟನ್, ನ್ಯಾನೋಸ್ಲೀಪ್ ಎಂಬ ಹೆಸರುಗಳು ಸಾಲಾಗಿ ಬಂದಿವೆ. ಇದೇ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಏನನ್ನೂ ಕೇಳದೆ ಲಿಂಕ್ ಆಗುತ್ತದೆ.

ಹಳೇಯುನಿಕ್ಸ್

ಲಿನಕ್ಸ್‌ನಲ್ಲಿ ಈ ಎಲ್ಲ ಫಂಕ್ಷನ್‌ಗಳೂ ಮುಖ್ಯ ಸಿ ಲೈಬ್ರರಿಯೊಳಗೇ ಇವೆ. ಸಿಸ್ಟಮ್ ಫೈವ್ ವಂಶದ ಸೋಲಾರಿಸ್‌ನಲ್ಲಿ ಅವು ಹಂಚಿಹೋಗಿವೆ. ಸಾಕೆಟ್ ಮತ್ತು ಕನೆಕ್ಟ್‌ಗೆ '-ಎಲ್‌ಸಾಕೆಟ್', ಗೆಟ್‌ಹೋಸ್ಟ್‌ಬೈನೇಮ್‌ಗೆ '-ಎಲ್‌ಎನ್‌ಎಸ್‌ಎಲ್', ಐನೆಟ್_ಏಟನ್‌ಗೆ '-ಎಲ್‌ರೆಸಾಲ್ವ್', ನ್ಯಾನೋಸ್ಲೀಪ್‌ಗೆ '-ಎಲ್‌ಆರ್‌ಟಿ' ಕೊಡಿ. ಚೆನ್ನಾಗಿ ಬರೆದ ಕಾನ್ಫಿಗರ್ ಇದನ್ನು ತಾನೇ ಪತ್ತೆಹಚ್ಚುತ್ತದೆ. ಪತ್ತೆಹಚ್ಚದಿದ್ದಾಗ 'ಕಾನ್ಫಿಗ್.ಲಾಗ್' ಕಡತ ತೆರೆದು, ಸೋತ ಪರೀಕ್ಷೆ ಯಾವ ಆಜ್ಞೆಯನ್ನು ಕರೆದಿತ್ತು ಮತ್ತು ಏನು ಉತ್ತರ ಬಂತು ಎಂದು ಓದಬೇಕು. ಪರದೆಯ ಮೇಲೆ 'ನೋ' ಎಂದು ಕಾಣುವ ಒಂದು ಪದದ ಹಿಂದೆ ಅಲ್ಲಿ ಹತ್ತಾರು ಸಾಲುಗಳ ನಿಜವಾದ ಕಾರಣ ಇರುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಕೆಲಸ ಮಾಡುವವರಿಗೆ ಆ ಕಡತಕ್ಕಿಂತ ಹತ್ತಿರದ ಗೆಳೆಯ ಇನ್ನೊಂದಿಲ್ಲ.

ಇದರ ಜೊತೆಗೆ, ಲೈಬ್ರರಿ ಡೈರೆಕ್ಟರಿಯನ್ನು ತೋರಿಸಲು ದೊಡ್ಡಕ್ಷರದ '-ಎಲ್' ಕೊಟ್ಟಲ್ಲೆಲ್ಲ ಅದೇ ದಾರಿಯನ್ನು ದೊಡ್ಡಕ್ಷರದ '-ಆರ್' ಜೊತೆಗೂ ಕೊಡಿ. ಮೊದಲನೆಯದು ಲಿಂಕ್ ಮಾಡುವಾಗ ಹುಡುಕುವ ಜಾಗ, ಎರಡನೆಯದು ಪ್ರೋಗ್ರಾಂ ಓಡುವಾಗ ಹುಡುಕುವ ಜಾಗ, ಅದು ಪ್ರೋಗ್ರಾಂ ಒಳಗೇ ಬರೆದಿರುತ್ತದೆ. ಎಷ್ಟೋ ಜನ ಇದನ್ನು ಬಿಟ್ಟು 'ಎಲ್‌ಡಿ_ಲೈಬ್ರರಿ_ಪಾಥ್' ಚರವನ್ನು ಎಲ್ಲ ಬಳಕೆದಾರರಿಗೂ ಹಾಕಿಬಿಡುತ್ತಾರೆ. ನಿಮ್ಮಲ್ಲಿ ಹಾಗೆ ಮಾಡಿದರೆ ವಿಎನ್‌ಎಂಆರ್ ಕೂಡ ನಿಮ್ಮ ಹೊಸ ಲೈಬ್ರರಿಗಳನ್ನು ಎತ್ತಿಕೊಳ್ಳಲು ಹೋಗುತ್ತದೆ, ಉಪಕರಣವೇ ನಿಂತರೆ ಈ ಶ್ರಮಕ್ಕೆಲ್ಲ ಅರ್ಥವಿಲ್ಲ. ಕಟ್ಟಿದ ಮೇಲೆ 'ಎಲ್‌ಡಿಡಿ' ಆಜ್ಞೆಯಿಂದ ಪ್ರತಿಯೊಂದು ಲೈಬ್ರರಿಯೂ ಎಲ್ಲಿಂದ ಬರುತ್ತಿದೆ ಎಂದು ಪರಿಶೀಲಿಸಿ. 'ಲಿಬ್‌ಜಿಸಿಸಿ_ಎಸ್' ಎದುರು 'ಫೈಲ್ ನಾಟ್ ಫೌಂಡ್' ಕಂಡರೆ '-ಸ್ಟ್ಯಾಟಿಕ್-ಲಿಬ್‌ಜಿಸಿಸಿ' ಸೇರಿಸಿ ಮತ್ತೆ ಲಿಂಕ್ ಮಾಡಿ.

ಹೇಮಾವತಿ_ತೀರ

ಪರೀಕ್ಷಾ ಪ್ರೋಗ್ರಾಂ ಲಿಂಕ್ ಆಯಿತು, ಓಪನ್‌ಎಸ್‌ಎಸ್‌ಎಚ್ ಕೂಡ ಕಂಪೈಲ್ ಆಯಿತು. ಆದರೆ ಕೀಲಿ ತಯಾರಿಸಲು ಹೋದರೆ 'ಪಿಆರ್‌ಎನ್‌ಜಿ ಈಸ್ ನಾಟ್ ಸೀಡೆಡ್' ಎಂದು ಹೊರಬರುತ್ತದೆ.

ಕಡಲಕರೆ

ಮೂಲ ಸೋಲಾರಿಸ್ 8ರಲ್ಲಿ /ಡೆವ್/ರ‍್ಯಾಂಡಮ್ ಇಲ್ಲ. ಕರ್ನಲ್‌ನಿಂದ ಯಾದೃಚ್ಛಿಕ ಸಂಖ್ಯೆಗಳನ್ನು ಪಡೆಯುವ ದಾರಿಯೇ ಇಲ್ಲದಿದ್ದರಿಂದ ಓಪನ್‌ಎಸ್‌ಎಸ್‌ಎಲ್ ಕೀಲಿ ಸೃಷ್ಟಿಸಲು ನಿರಾಕರಿಸುತ್ತಿದೆ, ಅದು ನಿರಾಕರಿಸುವುದೇ ಸರಿ. ಸನ್ ಇದಕ್ಕಾಗಿ 112438 ಸಂಖ್ಯೆಯ ಪ್ಯಾಚ್ ಹೊರತಂದಿತ್ತು. ಅದು ನಿಮ್ಮ ಹಳೆಯ ಪ್ಯಾಚ್ ಸಿಡಿಗಳಲ್ಲಿದ್ದರೆ ಹಾಕಿ, ಯಂತ್ರವನ್ನು 'ಬೂಟ್ -ಆರ್' ಎಂದು ಮರುಹೊಂದಿಸಿ ಆರಂಭಿಸಿದರೆ ಸಾಧನ ಕಡತಗಳು ಮೂಡುತ್ತವೆ. ಸೋಲಾರಿಸ್ 9ರಿಂದ ಇದು ವ್ಯವಸ್ಥೆಯಲ್ಲೇ ಇದೆ.

ದೂರದೇಶಿ

ಪ್ಯಾಚ್ ಸಿಕ್ಕಿದರೆ ಇನ್ನೊಂದು ಸುಲಭ ದಾರಿಯೂ ತೆರೆಯುತ್ತದೆ. ಓಪನ್‌ಎಸ್‌ಎಸ್‌ಎಚ್ ಅನ್ನು 'ವಿದೌಟ್-ಓಪನ್‌ಎಸ್‌ಎಸ್‌ಎಲ್' ಎಂಬ ಆಯ್ಕೆಯೊಂದಿಗೆ ಕಟ್ಟಬಹುದು. ಆಗ ಆರ್‌ಎಸ್‌ಎ ಇರುವುದಿಲ್ಲ, ಆದರೆ ಇಡಿ25519, ಕರ್ವ್25519, ಚಾಚಾ20-ಪಾಲಿ1305 ಎಲ್ಲವೂ ಅದರೊಳಗೇ ಇವೆ, ಇಂದಿನ ಲಿನಕ್ಸ್ ಸರ್ವರ್‌ಗೆ ಅಷ್ಟು ಸಾಕು. ಬೆಂಬಲ ಮುಗಿದ ಓಪನ್‌ಎಸ್‌ಎಸ್‌ಎಲ್ ಅನ್ನು ಇಟ್ಟುಕೊಳ್ಳುವ ಹೊರೆಯೂ ತಪ್ಪುತ್ತದೆ. ಹಾಗೆ ಕಟ್ಟಿದಾಗ ಅದು ನೇರವಾಗಿ /ಡೆವ್/ಯುರ‍್ಯಾಂಡಮ್ ಓದುತ್ತದೆ, ಆದ್ದರಿಂದ ಪ್ಯಾಚ್ ಇಲ್ಲದೆ ಈ ದಾರಿ ನಡೆಯದು.

ಪ್ಯಾಚ್ ಸಿಗದಿದ್ದರೆ ಪಿಆರ್‌ಎನ್‌ಜಿಡಿ ಎಂಬ ಚಿಕ್ಕ ಸೇವೆಯನ್ನು ಕಟ್ಟಿ ಓಡಿಸಿ. ಅದು ವ್ಯವಸ್ಥೆಯ ಬೇರೆಬೇರೆ ಆಜ್ಞೆಗಳ ಫಲಿತಾಂಶಗಳನ್ನು ಕಲೆಸಿ ಯಾದೃಚ್ಛಿಕತೆಯ ಕೊಳವೊಂದನ್ನು ಇಟ್ಟುಕೊಂಡು, /ವಾರ್/ರನ್/ಇಜಿಡಿ-ಪೂಲ್ ಎಂಬ ಸಾಕೆಟ್ ಮೂಲಕ ಕೊಡುತ್ತದೆ. ಓಪನ್‌ಎಸ್‌ಎಸ್‌ಎಲ್ 1.0.2 ಆ ಜಾಗವನ್ನು ತಾನಾಗಿಯೇ ಹುಡುಕುತ್ತದೆ, 1.1.0ರಿಂದ ಆ ಬೆಂಬಲವನ್ನು ಪೂರ್ವನಿಯೋಜಿತವಾಗಿ ಮುಚ್ಚಿದ್ದಾರೆ. 1.0.2ರಲ್ಲೇ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಗುಣದಲ್ಲಿ ಕರ್ನಲ್‌ನ ಮೂಲವೇ ಮೇಲು ಎಂಬುದರಲ್ಲಿ ಸಂದೇಹವಿಲ್ಲ.

ಬಯಲುಸೀಮೆ

ಕೀಲಿಯನ್ನು ಲಿನಕ್ಸ್ ಯಂತ್ರದಲ್ಲಿ ತಯಾರಿಸಿ ತಂದರೆ ಸಾಲದೇ ಎಂದು ಯಾರಾದರೂ ಯೋಚಿಸುವ ಮುನ್ನವೇ ಹೇಳಿಬಿಡುತ್ತೇನೆ, ಸಾಲದು. ಪ್ರತಿ ಸಂಪರ್ಕದ ಕೀಲಿ ವಿನಿಮಯಕ್ಕೂ ಹೊಸ ಯಾದೃಚ್ಛಿಕ ಸಂಖ್ಯೆ ಬೇಕು. ಸರ್ವರ್ ಕಡೆಯಲ್ಲಿ ಆ ಕೀಲಿಗೆ ಆರ್‌ಸಿಂಕ್ ಹೊರತು ಬೇರೆ ಆಜ್ಞೆ ನಡೆಸುವ ಅಧಿಕಾರ ಇರದಂತೆ ಕಟ್ಟುಪಾಡು ಹಾಕಿಸಿ.

ಮಲೆನಾಡು_ಕೋಡ್

ಮುಂದೆ ಇದನ್ನು ಓದುವವರಿಗಾಗಿ ಒಂದು ಮಾತು. ಲಿನಕ್ಸ್‌ನಲ್ಲೇ ಕ್ರಾಸ್ ಕಂಪೈಲ್ (ಬೇರೆ ಬಗೆಯ ಯಂತ್ರಕ್ಕಾಗಿ ಕಂಪೈಲ್) ಮಾಡಿ ತಂದರೆ ಬೇಗ ಮುಗಿಯುತ್ತದೆ ಎಂದು ಕೆಲವರು ಸೂಚಿಸುತ್ತಾರೆ. ಹಳೆಯ ಯಂತ್ರದ ಹೆಡರ್ ಮತ್ತು ಲೈಬ್ರರಿಗಳನ್ನು ನಕಲಿಸಿಕೊಂಡು ಹಾಗೆ ಮಾಡಬಹುದು, ಆದರೆ ಕಾನ್ಫಿಗರ್‌ಗೆ ತನ್ನ ಪರೀಕ್ಷಾ ಪ್ರೋಗ್ರಾಂಗಳನ್ನು ಓಡಿಸಿ ನೋಡಲು ಆಗುವುದಿಲ್ಲ, ಊಹೆ ಮಾಡುತ್ತದೆ. ಮೆಮೊರಿ ಪಡೆಯುವ ಮ್ಯಾಲಕ್ ಫಂಕ್ಷನ್ ಸರಿಯಿಲ್ಲವೆಂದು ಊಹಿಸಿ 'ಆರ್‌ಪಿಎಲ್_ಮ್ಯಾಲಕ್' ಎಂಬ ಇಲ್ಲದ ಫಂಕ್ಷನ್‌ಗೆ ಲಿಂಕ್ ಮಾಡಲು ಹೋಗುವುದು ಇದರ ಪ್ರಸಿದ್ಧ ಉದಾಹರಣೆ. ನಾಲ್ಕು ಚಿಕ್ಕ ಪ್ರೋಗ್ರಾಂಗಳಿಗೆ ಯಂತ್ರದ ಮೇಲೇ ಕಟ್ಟುವುದು ಹೆಚ್ಚು ನಂಬಿಕೆಗೆ ಅರ್ಹ.

ಸ್ಪಾರ್ಕ್‌ನ ಇನ್ನೊಂದು ಗುಣವನ್ನೂ ನೆನಪಿಡಬೇಕು. ನಾಲ್ಕು ಬೈಟ್‌ಗಳ ಪೂರ್ಣಾಂಕ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲೇ ಇರಬೇಕು, ಇಲ್ಲವಾದರೆ ಪ್ರೊಸೆಸರ್ 'ಬಸ್ ಎರರ್' ಕೊಟ್ಟು ಪ್ರೋಗ್ರಾಂ ನಿಲ್ಲಿಸುತ್ತದೆ. ಇಂಟೆಲ್ ಯಂತ್ರಗಳು ಇದನ್ನು ಸಹಿಸಿಕೊಳ್ಳುವುದರಿಂದ, ಅಕ್ಷರಗಳ ಬಫರ್‌ನ ನಡುವಿನಿಂದ ನೇರವಾಗಿ ಪೂರ್ಣಾಂಕ ಓದುವ ಕೋಡ್ ಅಲ್ಲಿ ವರ್ಷಗಟ್ಟಲೆ ತಪ್ಪು ತೋರಿಸದೆ ಓಡಿರುತ್ತದೆ. ಕಂಪೈಲ್ ಆದ ಪ್ರೋಗ್ರಾಂ ಓಡುವಾಗ ಹೀಗೆ ಸತ್ತರೆ, ಆ ಸಾಲನ್ನು ಹುಡುಕಿ 'ಮೆಮ್‌ಕಾಪಿ' ಬಳಸುವಂತೆ ಬದಲಿಸಿ, ತಿದ್ದುಪಡಿಯನ್ನು ಮೂಲ ಲೇಖಕರಿಗೂ ಕಳಿಸಿ. ಹಳೆಯ ಯಂತ್ರದಲ್ಲಿ ಸಿಕ್ಕ ಆ ದೋಷ ಎಲ್ಲರ ಕೋಡ್‌ನಲ್ಲೂ ಇರುವಂಥದ್ದೇ. ಯಾವ ತಂತ್ರಾಂಶಕ್ಕಾದರೂ ಕಟ್ಟಿದ ಮೇಲೆ 'ಮೇಕ್ ಚೆಕ್' ಅಥವಾ 'ಮೇಕ್ ಟೆಸ್ಟ್' ಇದ್ದರೆ ಅದನ್ನು ಬಿಡದೆ ಓಡಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ಹೇಮಾವತಿ_ತೀರ

ಪ್ಯಾಚ್ ನಮ್ಮ ಕಪಾಟಿನ ಸಿಡಿಗಳಲ್ಲೇ ಸಿಕ್ಕಿತು. ಅಳತೆಗಳಿಲ್ಲದ ಹೊತ್ತಿನಲ್ಲಿ ಹಾಕಿ ಯಂತ್ರವನ್ನು ಮತ್ತೆ ಆರಂಭಿಸಿದೆ, ದಿನಾಂಕವನ್ನು ಮೊದಲು ಸರಿಪಡಿಸಿಕೊಂಡೆ. ದೂರದೇಶಿ ಅವರು ಹೇಳಿದಂತೆ ಓಪನ್‌ಎಸ್‌ಎಸ್‌ಎಲ್ ಇಲ್ಲದೆಯೇ ಓಪನ್‌ಎಸ್‌ಎಸ್‌ಎಚ್ 7.9 ಅನ್ನು ಮತ್ತೆ ಕಟ್ಟಿದೆ. ಇಡಿ25519 ಕೀಲಿ ತಯಾರಾಯಿತು, ಸರ್ವರ್ ಒಪ್ಪಿಕೊಂಡಿತು, ವಿಎನ್‌ಎಂಆರ್‌ನ ಮ್ಯಾಕ್ರೋದಿಂದ ಆರ್‌ಸಿಂಕ್ ಕರೆದು ಎಫ್‌ಐಡಿ (ಎನ್‌ಎಂಆರ್‌ನ ಕಚ್ಚಾ ಅಳತೆ) ಡೈರೆಕ್ಟರಿಗಳು ದಾಟಿ ಹೋಗುತ್ತಿವೆ. ಎರಡೂ ಕಡೆ ಕಡತಗಳ ಚೆಕ್‌ಸಮ್ ಹೋಲಿಸಿ ನೋಡಿದ್ದೇನೆ, ಎಲ್ಲವೂ ಒಂದೇ. ಇದೇ ಬಗೆಯ ಉಪಕರಣ ಇನ್ನೊಂದು ವಿಭಾಗದಲ್ಲೂ ಇದೆ. ಅಲ್ಲಿಗೆ ಇದನ್ನು ಒಯ್ಯಲು ಡೈರೆಕ್ಟರಿಯನ್ನು ನಕಲಿಸಿದರೆ ಸಾಕೇ?

ಹಳೇಯುನಿಕ್ಸ್

ಬಹಳ ಸಂತೋಷವಾಯಿತು. ನಕಲಿಸಿದರೂ ನಡೆಯುತ್ತದೆ, ಏಕೆಂದರೆ ನೀವು ಎಲ್ಲವನ್ನೂ /ಆಪ್ಟ್/ಲ್ಯಾಬ್ ಅಡಿಯಲ್ಲೇ ಇಟ್ಟಿದ್ದೀರಿ. ಆದರೆ ಸೋಲಾರಿಸ್‌ನದೇ ಪ್ಯಾಕೇಜ್ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು, ಆಗ ಏನು ಹಾಕಲಾಗಿದೆ ಎಂಬುದು ವ್ಯವಸ್ಥೆಯ ದಾಖಲೆಗೂ ಸೇರುತ್ತದೆ, ತೆಗೆಯುವಾಗಲೂ ಸುಲಭ. 'ಪಿಕೆಜಿಪ್ರೋಟೋ' ಆಜ್ಞೆಗೆ ಆ ಡೈರೆಕ್ಟರಿ ಕೊಟ್ಟು ಕಡತಗಳ ಪಟ್ಟಿ ಮಾಡಿ, ಹೆಸರು ಮತ್ತು ಆವೃತ್ತಿ ಬರೆದ 'ಪಿಕೆಜಿಇನ್ಫೋ' ಕಡತ ಸೇರಿಸಿ, 'ಪಿಕೆಜಿಎಂಕೆ' ಓಡಿಸಿ, ಕೊನೆಗೆ 'ಪಿಕೆಜಿಟ್ರಾನ್ಸ್' ಮೂಲಕ ಒಂದೇ ಕಡತವಾಗಿಸಿ. ಖಾಸಗಿ ಕೀಲಿ ಆ ಪ್ಯಾಕೇಜ್‌ನೊಳಗೆ ಹೋಗದಂತೆ ಪಟ್ಟಿಯನ್ನು ಕಣ್ಣಾರೆ ನೋಡಿ. ಎರಡನೆಯ ಯಂತ್ರಕ್ಕೆ ಅದರದೇ ಕೀಲಿ ಇರಬೇಕು. ಅಲ್ಲಿಯೂ 112438 ಪ್ಯಾಚ್ ಮೊದಲು ಬೇಕೆಂಬುದನ್ನು, ಬಳಸಿದ ಕಂಪೈಲರ್ ಆವೃತ್ತಿಯನ್ನು, ಪ್ರತಿಯೊಂದು ಕಾನ್ಫಿಗರ್‌ಗೆ ಕೊಟ್ಟ ಆಯ್ಕೆಗಳ ಪೂರ್ಣ ಸಾಲನ್ನು ಒಂದು ಕಡತದಲ್ಲಿ ಬರೆದು ಅದನ್ನೂ ಪ್ಯಾಕೇಜ್‌ನೊಳಗೆ ಸೇರಿಸಿ. ಆ ಸಾಲು ಪ್ರತಿ ಯೋಜನೆಯ 'ಕಾನ್ಫಿಗ್.ಲಾಗ್' ಕಡತದ ಮೊದಲ ಭಾಗದಲ್ಲೇ ಇದೆ, ಅಲ್ಲಿಂದಲೇ ತೆಗೆದುಕೊಳ್ಳಬಹುದು.